ಗಡ್ಡಿಯಿಂದ ಓಂ ಬೀಚ್‌ವರೆಗೆ: ಈಜುಡುಗೆಗೆ ಒಂದು ದಂಡೆ ಹುಡುಕುತ್ತಾ

ಡಿಸೆಂಬರ್ ಹತ್ತಿರ ಬಂತೆಂದರೆ ನನಗೊಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಹೆಚ್ಚಾಗಿ ಗಂಗಾವತಿ, ಕಾರಟಗಿ, ಕೊಪ್ಪಳದ ಕಡೆ ಹುಟ್ಟಿ ಬೆಂಗಳೂರಲ್ಲೋ ಹೈದರಾಬಾದಲ್ಲೋ ಕೆಲಸಕ್ಕಿರುವ ಹುಡುಗಿಯರು. "ಅಕ್ಕಾ, ಬಿಕಿನಿ ಹಾಕ್ಕೊಂಡ್ರ ಯಾರೂ ಹೊಳ್ಳಿ ನೋಡದಂಥ ಬೀಚ್ ಯಾವುದೈತಿ?" ಗೋವಾ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಗೋವಾಕ್ಕೆ ಹೋಗಿ, ಬಾಗಾ ಬೀಚಿನಲ್ಲಿ ಇಡೀ ದಿನ ಕೂತು, ಮೇಲಿನ ಟೀ ಶರ್ಟ್ ತೆಗೆಯಲಾಗದೆ ವಾಪಸು ಬಂದವರೇ ಈ ಪ್ರಶ್ನೆ ಕೇಳುವುದು.

ಸಮುದ್ರ ನಮಗೆ ಎರಡೂವರೆ ನೂರು ಕಿಲೊಮೀಟರಿಗಿಂತ ದೂರ. ಆದರೂ ನೀರಿಗಿಳಿಯುವ ಹೆಂಗಸಿನ ಬಟ್ಟೆಯ ಈ ಜಗಳ ಕೊಪ್ಪಳ ಜಿಲ್ಲೆಗೆ ಹೊಸದಲ್ಲ. ತುಂಗಭದ್ರೆಯ ದಂಡೆಯಲ್ಲಿ ಅದು ಮೂರು ದಶಕದಿಂದ ನಡೆದೇ ಇದೆ.

ಉಡುಗೆಯ ಕಥೆ ಮೊದಲು ಮುಗಿಸಿಬಿಡೋಣ. 1946ರ ಜುಲೈ 5ರಂದು ಪ್ಯಾರಿಸ್ಸಿನ ಈಜುಕೊಳವೊಂದರಲ್ಲಿ ಲೂಯಿ ರೇಆರ್ ಎಂಬಾತ ನಾಲ್ಕು ತುಂಡು ಬಟ್ಟೆಯ ಉಡುಗೆ ತೋರಿಸಿದ. ಕೆಲವೇ ದಿನ ಮುಂಚೆ ಅಮೆರಿಕ ಅಣುಬಾಂಬ್ ಪರೀಕ್ಷಿಸಿದ್ದ ಬಿಕಿನಿ ಹವಳದ್ವೀಪದ ಹೆಸರನ್ನೇ ಅದಕ್ಕಿಟ್ಟ. ಎಪ್ಪತ್ತು ವರ್ಷದ ನಂತರ, 2016ರ ಬೇಸಿಗೆಯಲ್ಲಿ, ಅದೇ ಫ್ರಾನ್ಸಿನ ಕೆಲವು ಕರಾವಳಿ ಊರುಗಳು ಮೈತುಂಬ ಬಟ್ಟೆ ತೊಟ್ಟು ಈಜಲು ಬಂದ ಮುಸ್ಲಿಂ ಹೆಂಗಸರನ್ನು ತಡೆದವು. ಆ ಆದೇಶಗಳಲ್ಲೊಂದಕ್ಕೆ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಆಗಸ್ಟ್ 26ರಂದು ತಡೆ ಕೊಟ್ಟಿತು. ಕಡಿಮೆಯಾದರೂ ತಪ್ಪು, ಹೆಚ್ಚಾದರೂ ತಪ್ಪು. ಅಳತೆಪಟ್ಟಿ ಮಾತ್ರ ಯಾವತ್ತೂ ತೊಟ್ಟವಳ ಕೈಯಲ್ಲಿರಲಿಲ್ಲ.

ನಮ್ಮಲ್ಲಿ 1966ರಲ್ಲಿ ಶರ್ಮಿಳಾ ಟ್ಯಾಗೋರ್ ಸಿನಿಮಾ ಪತ್ರಿಕೆಯೊಂದರ ಮುಖಪುಟದಲ್ಲಿ ಬಿಕಿನಿಯಲ್ಲಿ ಕಾಣಿಸಿಕೊಂಡಾಗ ಗದ್ದಲವಾಯಿತು, ತಣ್ಣಗೂ ಆಯಿತು. ಕನ್ನಡಿಗರಿಗೆ ಹತ್ತಿರದ ಗದ್ದಲ 1996ರದು. ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಎಡದವರೂ ಬಲದವರೂ, ಬೇರೆ ಬೇರೆ ಕಾರಣಕ್ಕೆ, ಒಟ್ಟೊಟ್ಟಿಗೆ ಬೀದಿಗಿಳಿದರು. ಕೊನೆಗೆ ಈಜುಡುಗೆಯ ಸುತ್ತನ್ನಷ್ಟೇ ಹಿಂದೂ ಮಹಾಸಾಗರದ ಸೀಶೆಲ್ಸ್ ದ್ವೀಪಕ್ಕೆ ಸಾಗಿಸಲಾಯಿತು. ಮುನ್ನೂರು ಕಿಲೊಮೀಟರಿಗೂ ಹೆಚ್ಚು ಕರಾವಳಿಯಿರುವ ರಾಜ್ಯ ಒಂದು ಸಂಜೆಯ ಮಟ್ಟಿಗೆ ಬೇರೆ ದೇಶದ ಬೀಚ್ ಹುಡುಕಿಕೊಂಡಿತು. ನನಗೆ ಫೋನ್ ಮಾಡುವ ಹುಡುಗಿಯರು ಮಾಡುತ್ತಿರುವುದೂ ಬಹುಮಟ್ಟಿಗೆ ಅದನ್ನೇ.

ಕಾನೂನಿನಲ್ಲಿ ಬೀಚಿಗೆ ಇಂಥದೇ ಬಟ್ಟೆ ಎಂದು ಬರೆದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂಥ ಅಶ್ಲೀಲ ವರ್ತನೆ ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 294ನೇ ಕಲಂ, 2024ರ ಜುಲೈನಿಂದ ನ್ಯಾಯ ಸಂಹಿತೆಯ 296ನೇ ಕಲಂ. ಬೆತ್ತಲೆಗೆ ಗೋವಾದಲ್ಲೂ ಅವಕಾಶವಿಲ್ಲ. ಈಜುಡುಗೆಯನ್ನು ಹೆಸರಿಟ್ಟು ತಡೆಯುವ ಕಲಂ ಇಲ್ಲ. ತೊಡಕಿರುವುದು ಇನ್ನೊಂದು ತುದಿಯಲ್ಲಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕದ್ದು ಚಿತ್ರ ತೆಗೆದರೆ 2013ರಿಂದ ಪ್ರತ್ಯೇಕ ಅಪರಾಧ. ತೆರೆದ ಮರಳಿನ ಮೇಲೆ ದೂರದಿಂದ ಮೊಬೈಲ್ ಝೂಮ್ ಮಾಡುವವನ ಮೇಲೆ ಆ ಕಲಂ ಅಷ್ಟು ಸಲೀಸಾಗಿ ಕೂರುವುದಿಲ್ಲ. ಅದು ಖಾಸಗಿ ಕ್ಷಣಗಳಿಗೆಂದು ಬರೆದದ್ದು.

ಇನ್ನು ನಮ್ಮ ಹೊಳೆಗೆ ಬರೋಣ.

ಗೋವಾಕ್ಕೆ ಹಿಪ್ಪಿಗಳು ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ಎಂಬತ್ತರ ದಶಕದಲ್ಲಿ ಯುರೋಪಿನಿಂದ ಚಾರ್ಟರ್ ವಿಮಾನಗಳು ಇಳಿಯತೊಡಗಿದ ಮೇಲೆ ಏಕಾಂತ ಬೇಕಿದ್ದವರು ದಕ್ಷಿಣಕ್ಕೆ ಜಾರಿದರು. ಗೋಕರ್ಣದ ಕುಡ್ಲೆ, ಓಂ ಬೀಚ್‌ಗಳು ಅವರ ಬಾಯಿಗೆ ಬಂದದ್ದು ಆಗ. ಅಲ್ಲಿಂದ ಹೊಸಪೇಟೆಗೆ ಬಂದು ಹಂಪಿ ನೋಡಿ, ದೋಣಿಯಲ್ಲಿ ಹೊಳೆ ದಾಟಿದರೆ ವಿರೂಪಾಪುರಗಡ್ಡಿ ಎಂಬ ನಡುಗಡ್ಡೆ. ಸುತ್ತ ನೀರು, ನಡುವೆ ಭತ್ತದ ಗದ್ದೆ, ಮೇಲೆ ಗುಂಡುಗಲ್ಲು. ಈ ಕಡೆ ವಿರೂಪಾಕ್ಷನ ಗೋಪುರ, ಆ ಕಡೆ ಜೋಳಿಗೆಯಂತೆ ತೂಗುವ ಹಾಸಿಗೆಗಳು. ಸೈನ್ಯದ ಸೇವೆ ಮುಗಿಸಿ ಊರೂರು ಸುತ್ತುವ ಇಸ್ರೇಲಿ ಹುಡುಗ ಹುಡುಗಿಯರಿಗಾಗಿ ಹೀಬ್ರೂ ಅಕ್ಷರದ ಬೋರ್ಡುಗಳೂ ಎದ್ದವು. ಹೆಸರು ಹಿಪ್ಪಿ ಐಲ್ಯಾಂಡ್ ಆಯಿತು. ನಮಗೆ ಅದು ಗಡ್ಡಿಯೇ.

ಮೊದಮೊದಲು ಈಜುಡುಗೆ ಅಲ್ಲಿ ಸಮಸ್ಯೆಯಾಗಿರಲಿಲ್ಲ. ನೀರಿಗಿಳಿಯುವವರು ಹತ್ತು ಮಂದಿ, ನೋಡುವವರು ಹರಿಗೋಲಿನವನೂ ಗದ್ದೆಗೆ ನೀರು ತಿರುಗಿಸುವವನೂ. ಅವರಿಗೆ ಕೆಲಸವಿತ್ತು. ದಿನಾ ಕಂಡದ್ದು ಕಣ್ಣಿಗೆ ಹಳತಾಗುತ್ತದೆ. ಬಿಗಡಾಯಿಸಿದ್ದು ನೋಡುವುದಕ್ಕೆಂದೇ ಬರುವವರು ಹುಟ್ಟಿಕೊಂಡ ಮೇಲೆ: ಭಾನುವಾರದ ಬೈಕುಗಳು, ಗಂಡಸರೇ ತುಂಬಿದ ಕ್ರೂಸರ್ ಗಾಡಿಗಳು, ಆಮೇಲೆ ಕ್ಯಾಮೆರಾ ಇರುವ ಮೊಬೈಲು. ಗಂಗಾವತಿಯಲ್ಲಿ "ಗಡ್ಡಿಗೆ ಹೋಗೂಣು ಬಾ" ಎಂಬ ಮಾತಿಗೆ ಒಂದು ಕಿಸಕ್ಕನೆ ನಗು ಅಂಟಿಕೊಂಡದ್ದು ಆಗಲೇ. ಆ ನಗು ನನಗೆ ಚೆನ್ನಾಗಿ ನೆನಪಿದೆ; ಅದು ಕೇಳಿದ ಮೇಲೆ ನಮ್ಮ ಮನೆಯ ಹೆಣ್ಣುಮಕ್ಕಳು ಆ ಕಡೆ ಹೋಗುವುದೇ ನಿಂತಿತು.

ಗಡ್ಡಿ ಬಿದ್ದದ್ದು ಮಾತ್ರ ಬಟ್ಟೆಯ ಕಾರಣಕ್ಕಲ್ಲ. 1988ರ ಅಧಿಸೂಚನೆಯಿಂದ ಅದು ಸಂರಕ್ಷಿತ ಪ್ರದೇಶ. ಅಲ್ಲಿನ ರೆಸಾರ್ಟುಗಳ ತೆರವು 2015ರಲ್ಲಿ ಹೈಕೋರ್ಟಿನಲ್ಲಿ, 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟಿನಲ್ಲಿ ಖಾಯಂ ಆಯಿತು. ಮಾರ್ಚಿನಲ್ಲಿ ಜೆಸಿಬಿ ಬಂದವು, ಬೆನ್ನಿಗೇ ಲಾಕ್‌ಡೌನ್. ಊರ ಬಾಯಲ್ಲಿ ಉಳಿದದ್ದು ಬೇರೆ ಕಥೆ: ಅರೆಬೆತ್ತಲೆ ತಿರುಗಿದರು, ಅದಕ್ಕೇ ಕೆಡವಿದರು ಅಂತ.

ಲಾಕ್‌ಡೌನ್ ಸಡಿಲಾದ ಮೇಲೆ ಜನ ಸಾಣಾಪುರ, ಆನೆಗೊಂದಿಗೆ ಸರಿದರು. ಸಾಣಾಪುರದ್ದು ಕೆರೆ ಎನ್ನುತ್ತೇವೆ. ನಿಜದಲ್ಲಿ ಅದು ತುಂಗಭದ್ರಾ ಎಡದಂಡೆ ಕಾಲುವೆಯ ಸಮತೋಲನ ಜಲಾಶಯ. ತಿಳಿನೀರು, ಬಂಡೆ, ಹರಿಗೋಲು. ಹತ್ತಿರದಲ್ಲೇ ಅಂಜನಾದ್ರಿ. 575 ಮೆಟ್ಟಿಲು ಹತ್ತುವ ಭಕ್ತರ ಸಂಖ್ಯೆ ವರ್ಷ ವರ್ಷ ಏರುತ್ತಿದೆ. ಹನುಮಮಾಲಾಧಾರಿಗಳು ಮಾಲೆ ವಿಸರ್ಜನೆಗೆ ಬರುವುದೂ ಡಿಸೆಂಬರ್, ಹೊರದೇಶದವರು ಬಿಸಿಲು ಕಾಯಿಸಲು ಬರುವುದೂ ಡಿಸೆಂಬರ್. ಒಂದೇ ರಸ್ತೆಯಲ್ಲಿ ಬರಿಮೈಯ ಭಕ್ತ, ಎದುರಿಗೆ ಚಡ್ಡಿ ತೊಟ್ಟ ವಿದೇಶಿ ಹೆಂಗಸು. ಬೋರ್ಡು, ಮನವಿ, ಎಚ್ಚರಿಕೆ ಎಲ್ಲ ಅವಳಿಗೆ. ಹಿಂದೆ ಕೊಪಣವೆಂದು ಹೆಸರಾದ ಕೊಪ್ಪಳದಲ್ಲಿ, ಜೈನರ ಈ ಹಳೆಯ ತೀರ್ಥದಲ್ಲಿ, ದಿಗಂಬರ ಮುನಿ ನಡೆದು ಬಂದರೆ ಇಂದಿಗೂ ಜನ ಕೈಮುಗಿಯುತ್ತಾರೆ, ಗರಡಿಯ ಲಂಗೋಟಿಗೂ ಗೌರವವಿದೆ. ಹಂಪಿಯ ಕಂಬದ ಶಿಲ್ಪ ತೋರಿಸಿ ಬಿಕಿನಿಯ ಪರ ವಾದಿಸುವವರಿದ್ದಾರೆ. ನನಗದು ಸೋಮಾರಿ ವಾದ ಅನ್ನಿಸುತ್ತದೆ, ಕಲ್ಲಿನ ಹೆಂಗಸಿನ ಫೋಟೊ ವಾಟ್ಸಾಪಿನಲ್ಲಿ ಹರಿದಾಡಿದರೆ ಅವಳ ಮದುವೆ ನಿಲ್ಲುವುದಿಲ್ಲ.

ಹುಲಿಗೆಮ್ಮನ ಗುಡಿಯಿರುವ ಹುಲಿಗಿಯ ಘಾಟು ನೋಡಿ. ಹುಣ್ಣಿಮೆಗೆ ಹೆಂಗಸರು ಸೀರೆಯಲ್ಲೇ ಹೊಳೆಯಲ್ಲಿ ಮುಳುಗಿ ಏಳುತ್ತಾರೆ. ಒದ್ದೆ ಸೀರೆ ಎಷ್ಟು ಮುಚ್ಚುತ್ತದೆ ಎಂಬುದು ಉಟ್ಟವರಿಗೆ ಗೊತ್ತು. ಆದರೆ ಅಲ್ಲಿ ನೂರಾರು ಹೆಂಗಸರು ಒಟ್ಟಿಗಿರುತ್ತಾರೆ. ಇಬ್ಬರು ಸೀರೆಯ ಎರಡು ಸೆರಗು ಹಿಡಿದು ಪರದೆ ಮಾಡುತ್ತಾರೆ, ಮೂರನೆಯವಳು ಒಳಗೆ ಬಟ್ಟೆ ಬದಲಿಸುತ್ತಾಳೆ, ಸರದಿಯಂತೆ ಜಾಗ ಬದಲು. ನಮ್ಮ ಅಜ್ಜಿ ಹಾಗೆ ಪರದೆ ಹಿಡಿದೇ ಪಕ್ಕದೂರಿನ ಗುರುತಿಲ್ಲದ ಹೆಂಗಸಿನ ಜತೆ ಬೀಗತನದ ಮಾತು ಆಡಿ ಮುಗಿಸುತ್ತಿದ್ದಳು.

ಸಾಣಾಪುರದಲ್ಲಿ ಆ ಪರದೆ ಹಿಡಿಯುವವರಿಲ್ಲ. 2025ರ ಫೆಬ್ರುವರಿಯಲ್ಲಿ ಅಲ್ಲಿ ಬಂಡೆಯ ಮೇಲಿಂದ ಹೊಳೆಗೆ ಹಾರಿದ ಹೈದರಾಬಾದಿನ ವೈದ್ಯೆ ಕೊಚ್ಚಿಹೋದರು. ಮಾರ್ಚ್ 6ರ ರಾತ್ರಿ ಕಾಲುವೆ ದಂಡೆಯಲ್ಲಿ ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರವಾಯಿತು, ದುಷ್ಕರ್ಮಿಗಳು ನೀರಿಗೆ ತಳ್ಳಿದ ಪ್ರವಾಸಿಗರಲ್ಲಿ ಒಬ್ಬರು ಸತ್ತರು. ಅವರು ನಕ್ಷತ್ರ ನೋಡುತ್ತ ಕೂತವರು, ಈಜುತ್ತಿದ್ದವರಲ್ಲ. ಆದರೂ ವಾರದೊಳಗೆ ಕಟ್ಟೆಯ ಮಾತು ಬಟ್ಟೆಗೇ ಬಂದು ನಿಂತಿತು. ಆಮೇಲೆ ಬಿಗಿಯಾದದ್ದು ಹೋಮ್‌ಸ್ಟೇಗಳ ತಪಾಸಣೆ. ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು, ಸಂಜೆಯ ದೀಪ ಎಂಬ ಸಣ್ಣ ಮಾತುಗಳು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಕರಾವಳಿಯಲ್ಲಿ ಆ ಸಣ್ಣ ಮಾತುಗಳಿಗೆ ಅಷ್ಟಿಷ್ಟು ಬೆಲೆ ಸಿಕ್ಕಿದೆ. ಹೊನ್ನಾವರದ ಕಾಸರಕೋಡು, ಉಡುಪಿ ಕಡೆಯ ಪಡುಬಿದ್ರಿ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತಾರಾಷ್ಟ್ರೀಯ ಮಾನ್ಯತೆ ಪಡೆದವು: ಸ್ನಾನದ ಕೋಣೆ, ಕಾವಲು, ಸ್ವಚ್ಛ ಮರಳು. ಆದರೆ ಅವು ಕುಟುಂಬದ ಬೀಚ್‌ಗಳು, ಚೂಡಿದಾರದಲ್ಲೇ ಅಲೆಗಿಳಿಯುವ ಜನ. ತುಂಡುಡುಗೆಗೆ ಯಾರೂ ಬೇಡ ಎನ್ನರು, ನೀವೊಬ್ಬರೇ ಆಗುತ್ತೀರಿ ಅಷ್ಟೆ. ಮುರುಡೇಶ್ವರದಲ್ಲಿ ದೇವಸ್ಥಾನದ ಮಗ್ಗುಲಿಗೇ ಬೀಚು, ಅಲ್ಲಿಯ ಮಾತೇ ಬೇರೆ.

ಹಾಗಾಗಿ ನಾನು ಹೇಳುವುದು ಹೀಗೆ. ಗೋವಾ ಆದರೆ ಉತ್ತರದ ಬಾಗಾ, ಕಲಂಗುಟ್ ಬಿಟ್ಟು ದಕ್ಷಿಣದ ಅಗೊಂದಾ, ಪಟ್ನೆಂ. ಗೋಕರ್ಣ ಆದರೆ ಊರಿನ ದೊಡ್ಡ ಬೀಚ್ ಬೇಡ, ಅದು ಯಾತ್ರಿಕರದು. ಕುಡ್ಲೆ, ಓಂ, ಇಲ್ಲವೇ ನಡೆದು ಹೋಗಬೇಕಾದ ಹಾಫ್ ಮೂನ್. ನಡೆಯಬೇಕಾದ ಕಡೆಗೆ ಕ್ರೂಸರ್ ಗಾಡಿ ಬರುವುದಿಲ್ಲ. ಬೆಳಿಗ್ಗೆ ಹತ್ತರೊಳಗೆ ನೀರಿಗಿಳಿಯಿರಿ, ಈಗಾಗಲೇ ನಾಲ್ಕು ಹೆಂಗಸರು ಕೂತಿರುವ ಕಡೆ ಚೀಲ ಇಡಿ, ಮೇಲೊಂದು ಅಂಗಿ ಇರಲಿ. ಹುಬ್ಬಳ್ಳಿಯಲ್ಲಿ ಅಂಕೋಲಾ ಕಡೆಯ ಬಸ್ ಹಿಡಿದರೆ ಅರಬೈಲ್ ಘಾಟ ಇಳಿಯುತ್ತಲೇ ಗಾಳಿ ಬದಲಾಗುತ್ತದೆ. ಶನಿವಾರ, ಭಾನುವಾರ ಮಾತ್ರ ಬೇಡ.