ಸಾಲಕ್ಕೆ ಹಡಗು ಹಿಡಿದಾಗ: ಅರ್ಜೆಂಟೀನಾದ ವಿದೇಶಾಂಗ ಮಂತ್ರಿಗಳ ಇನ್ನೂರು ವರ್ಷ

2012ರ ಅಕ್ಟೋಬರ್. ಆಫ್ರಿಕಾದ ಘಾನಾ ದೇಶದ ತೇಮಾ ಬಂದರು. ಬಿಳಿ ಮೈಯ, ಮೂರು ಕಂಬದ ಚೆಂದದ ಹಾಯಿಹಡಗೊಂದು ಅಲ್ಲಿ ಲಂಗರು ಹಾಕಿತ್ತು. ಹೆಸರು ‘ಲಿಬರ್ತಾದ್’. ಅಂದರೆ ಸ್ವಾತಂತ್ರ್ಯ. ಅರ್ಜೆಂಟೀನಾ ನೌಕಾಪಡೆಯ ಹುಡುಗರಿಗೆ ಸಮುದ್ರದ ಪಾಠ ಕಲಿಸುವ ಹಡಗು ಅದು. ಹೊರಡುವ ಹೊತ್ತಿಗೆ ಕೋರ್ಟಿನ ಆದೇಶ ಬಂತು: ಹಡಗು ಜಪ್ತಿ.

ಜಪ್ತಿ ಮಾಡಿಸಿದ್ದು ಎನ್‌ಎಂಎಲ್ ಕ್ಯಾಪಿಟಲ್ ಎಂಬ ಹೂಡಿಕೆ ಕಂಪನಿ. 2001ರ ಕೊನೆಯಲ್ಲಿ ಅರ್ಜೆಂಟೀನಾ ಸಾಲ ತೀರಿಸಲಾಗದೆ ಕೈ ಎತ್ತಿತ್ತು. ಆ ಸಾಲಪತ್ರಗಳನ್ನು ಕಡಿಮೆ ಬೆಲೆಗೆ ಕೊಂಡಿದ್ದ ಈ ಕಂಪನಿ, ಪೂರ್ತಿ ದುಡ್ಡು ಕೊಡಿ ಅಂತ ಜಗತ್ತಿನ ಕೋರ್ಟುಗಳನ್ನೆಲ್ಲ ಸುತ್ತುತ್ತಿತ್ತು. ಹಡಗು ಬಿಡಬೇಕಾದರೆ 2 ಕೋಟಿ ಡಾಲರ್ ಠೇವಣಿ ಇಡಿ ಅಂದಿತು ಘಾನಾದ ಕೋರ್ಟು. ಹಡಗಿನ ಹೆಚ್ಚಿನ ಜನರನ್ನು ವಿಮಾನದಲ್ಲಿ ಮನೆಗೆ ಕಳಿಸಬೇಕಾಯಿತು. ಉಳಿದ ಕೆಲವರು ಕಾವಲಿಗೆ ಕೂತರು. ಒಮ್ಮೆ ಬಂದರಿನವರು ಹಡಗನ್ನು ಬೇರೆ ಕಡೆ ಎಳೆಯಲು ಬಂದಾಗ ಇವರು ಬಂದೂಕು ತೋರಿಸಿ ವಾಪಸ್ ಕಳಿಸಿದರು.

ಬ್ಯೂನಸ್ ಐರಿಸ್‌ನಲ್ಲಿ ಆಗ ವಿದೇಶಾಂಗ ಮಂತ್ರಿ ಹೆಕ್ಟರ್ ಟಿಮರ್‌ಮನ್. ಅವರ ಇಲಾಖೆ ಠೇವಣಿ ಇಡಲಿಲ್ಲ. ಹ್ಯಾಂಬರ್ಗ್‌ನ ಅಂತರರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿಗೆ ಹೋಯಿತು. ಯುದ್ಧನೌಕೆಯನ್ನು ಹೀಗೆ ಜಪ್ತಿ ಮಾಡುವ ಹಾಗಿಲ್ಲ ಎಂದು ವಾದಿಸಿತು. ಡಿಸೆಂಬರ್ 15ಕ್ಕೆ ಹಡಗು ಬಿಡಿ ಎಂಬ ಆದೇಶ ಬಂತು. ಜನವರಿಯಲ್ಲಿ ಲಿಬರ್ತಾದ್ ಮನೆ ಸೇರಿತು.

ಇದರಲ್ಲಿ ಒಂದು ತಮಾಷೆ ಇದೆ. ಸಾಲ ವಸೂಲಿಗೂ ಯುದ್ಧನೌಕೆಗೂ ಸಂಬಂಧ ಇರಬಾರದು ಅಂತ ಜಗತ್ತಿಗೆ ಮೊದಲು ಗಟ್ಟಿಯಾಗಿ ಹೇಳಿದ್ದು ಇದೇ ಇಲಾಖೆಯ ಒಬ್ಬ ಮಂತ್ರಿ. ಅದೂ 110 ವರ್ಷ ಹಿಂದೆ, ಇದೇ ಡಿಸೆಂಬರ್ ತಿಂಗಳಲ್ಲಿ. ಆಗ ಹಡಗು ಮಾತ್ರ ಸಾಲ ಕೊಟ್ಟವರದಾಗಿತ್ತು.

1902ರ ಡಿಸೆಂಬರ್‌ನಲ್ಲಿ ಬ್ರಿಟನ್, ಜರ್ಮನಿ, ಇಟಲಿ ಸೇರಿಕೊಂಡು ವೆನೆಜುವೆಲಾದ ಬಂದರುಗಳಿಗೆ ದಿಗ್ಬಂಧನ ಹಾಕಿದವು. ಕಾರಣ ಬಾಕಿ ಸಾಲ. ಪುಯೆರ್ತೊ ಕಬೆಯೊ ಊರಿನ ಕೋಟೆಯ ಮೇಲೆ ಗುಂಡೂ ಹಾರಿತು. ಅರ್ಜೆಂಟೀನಾಗೆ ಇದು ದೂರದ ಸುದ್ದಿ ಆಗಿರಲಿಲ್ಲ. ತಾನೂ ಲಂಡನ್ನಿನ ಸಾಲದಲ್ಲಿ ಮುಳುಗಿದ ದೇಶ. 1890ರಲ್ಲಿ ಅದರ ಸಾಲದ ಗೋಳಿನಿಂದ ಲಂಡನ್ನಿನ ಬೇರಿಂಗ್ ಬ್ಯಾಂಕೇ ಕುಸಿಯುವ ಹಂತಕ್ಕೆ ಹೋಗಿತ್ತು. ಇವತ್ತು ವೆನೆಜುವೆಲಾ, ನಾಳೆ ನಾವು ಅಂತ ಅನ್ನಿಸದೇ ಇರುತ್ತಾ?

ಆಗ ಮಂತ್ರಿ ಲೂಯಿಸ್ ಮರಿಯಾ ಡ್ರಾಗೊ. ವೃತ್ತಿಯಲ್ಲಿ ಕಾನೂನಿನವರು. ಡಿಸೆಂಬರ್ 29ರಂದು ವಾಷಿಂಗ್ಟನ್‌ನಲ್ಲಿದ್ದ ತಮ್ಮ ಪ್ರತಿನಿಧಿಗೆ ಒಂದು ಪತ್ರ ಕಳಿಸಿದರು, ಅಮೆರಿಕದ ಸರ್ಕಾರಕ್ಕೆ ತಲುಪಿಸಿ ಅಂತ. ವಾದ ಸರಳ. ಪರದೇಶಕ್ಕೆ ಸಾಲ ಕೊಡುವವನು ಕಣ್ಣು ಮುಚ್ಚಿಕೊಂಡು ಕೊಡುವುದಿಲ್ಲ. ಆ ದೇಶದ ಆದಾಯ ಎಷ್ಟು, ಹೆಸರು ಹೇಗಿದೆ ಅಂತ ಅಳೆದೇ ಕರಾರು ಹಾಕುತ್ತಾನೆ. ಅಪಾಯ ಇದ್ದ ಕಡೆ ಷರತ್ತೂ ಬಿಗಿ. ಹಾಗಿರುವಾಗ ದುಡ್ಡು ಬರಲಿಲ್ಲ ಅಂತ ಆಮೇಲೆ ಫಿರಂಗಿ ತರುವುದು ಯಾವ ನ್ಯಾಯ? ಸಾಲ ಇದೆ, ತೀರಿಸಬೇಕು, ಅದನ್ನು ಡ್ರಾಗೊ ಅಲ್ಲಗಳೆಯಲಿಲ್ಲ. ಆದರೆ ಸಾಲದ ನೆಪದಲ್ಲಿ ಸೇನೆ ಇಳಿಸುವುದು, ನೆಲ ಹಿಡಿಯುವುದು ಕೂಡದು ಅಂದರು.

ವಾಷಿಂಗ್ಟನ್ನಿನ ಉತ್ತರ ನೀರಸವಾಗಿತ್ತು. ಡ್ರಾಗೊ ಮರುವರ್ಷವೇ ಹುದ್ದೆ ಬಿಟ್ಟರು. ಆದರೆ ಪತ್ರ ಉಳಿಯಿತು. 1907ರ ಹೇಗ್ ಸಮ್ಮೇಳನದಲ್ಲಿ ಅದರ ತೆಳು ಮಾಡಿದ ರೂಪವೊಂದು ಒಪ್ಪಂದವಾಯಿತು: ಮೊದಲು ಪಂಚಾಯ್ತಿ ಆಗಲಿ, ಸಾಲಗಾರ ದೇಶ ಅದಕ್ಕೂ ಬಗ್ಗದಿದ್ದರೆ ಮಾತ್ರ ಬಲಪ್ರಯೋಗ. ಡ್ರಾಗೊಗೆ ಅದು ಪೂರ್ತಿ ಸಮಾಧಾನ ಕೊಡಲಿಲ್ಲ. ಆ ‘ಮಾತ್ರ’ ಎಂಬ ಸಂದಿಯಲ್ಲೇ ಹಡಗು ನುಗ್ಗಬಹುದಲ್ಲ!

ಅರ್ಜೆಂಟೀನಾದಲ್ಲಿ ಈ ಹುದ್ದೆಯನ್ನು ಜನ ‘ಕಾನ್ಸಿಯೆರ್’ ಅಂತಲೇ ಕರೆಯುತ್ತಾರೆ. ಇಲಾಖೆಯ ಪೂರ್ತಿ ಹೆಸರಿನಲ್ಲಿ ‘ಧರ್ಮ’ವೂ ಸೇರಿಕೊಂಡಿದೆ. 1898ರಿಂದ ಚರ್ಚಿನ ವ್ಯವಹಾರವೂ ಇವರ ಪಾಲಿಗೇ ಬಂತು, ಪೋಪ್ ಜೊತೆ ಮಾತಾಡಬೇಕಾದವರು ಹೇಗೂ ಇವರೇ ತಾನೆ. ಆದರೆ ಈ ಕುರ್ಚಿಗಿಂತ ಕೆಲಸ ಹಳೆಯದು. 1810ರಲ್ಲಿ ಸ್ಪೇನ್ ಆಳ್ವಿಕೆಯ ವಿರುದ್ಧ ನಡೆದ ಮೇ ಕ್ರಾಂತಿಯ ಮೊದಲ ಸರ್ಕಾರದಲ್ಲಿ ಕಾರ್ಯದರ್ಶಿಯಾಗಿದ್ದ ಮರಿಯಾನೊ ಮೊರೆನೊ ಬಿಸಿ ರಕ್ತದ ವಕೀಲ. ಅಧ್ಯಕ್ಷ ಕೊರ್ನೆಲಿಯೊ ಸಾವೆದ್ರಾ ಜೊತೆ ಅವರಿಗೆ ಆಗಿಬರಲಿಲ್ಲ. ರಾಜೀನಾಮೆ ಕೊಟ್ಟು, ಸರ್ಕಾರದ ದೂತನಾಗಿ ಲಂಡನ್ನಿಗೆ ಹೊರಟರು. 1811ರ ಮಾರ್ಚ್‌ನಲ್ಲಿ ನಡುಕಡಲಲ್ಲೇ ತೀರಿಕೊಂಡರು. ಅಷ್ಟು ಬೆಂಕಿ ಆರಿಸಲು ಅಷ್ಟು ನೀರೇ ಬೇಕಾಯಿತು ಅಂತ ಸಾವೆದ್ರಾ ಹೇಳಿದರೆಂದು ಅಲ್ಲಿ ಈಗಲೂ ಹೇಳುತ್ತಾರೆ. ಮೊರೆನೊ ಅವರ ತಮ್ಮ ಮಾನುಯೆಲ್ ಆ ಪಯಣದಲ್ಲಿ ಜೊತೆಗಿದ್ದರು. 1833ರ ಜನವರಿಯಲ್ಲಿ ಬ್ರಿಟನ್ ಮಾಲ್ವಿನಾಸ್ ದ್ವೀಪಗಳನ್ನು (ಬ್ರಿಟಿಷರಿಗೆ ಫಾಕ್‌ಲ್ಯಾಂಡ್) ವಶಪಡಿಸಿಕೊಂಡಾಗ ಲಂಡನ್ನಿನಲ್ಲಿ ಪ್ರತಿಭಟನಾ ಪತ್ರ ಕೊಟ್ಟದ್ದು ಇದೇ ತಮ್ಮ.

ಆ ಕಾಲಕ್ಕೆ ಅರ್ಜೆಂಟೀನಾ ಅನ್ನೋದು ಒಂದು ಗಟ್ಟಿ ದೇಶವೂ ಆಗಿರಲಿಲ್ಲ. ಪ್ರಾಂತ್ಯಗಳು ತಮ್ಮ ತಮ್ಮಲ್ಲೇ ಕಚ್ಚಾಡುತ್ತಿದ್ದವು, ವಿದೇಶ ವ್ಯವಹಾರವನ್ನು ಮಾತ್ರ ಬ್ಯೂನಸ್ ಐರಿಸ್‌ನ ಗವರ್ನರ್‌ಗೆ ಒಪ್ಪಿಸಿದ್ದವು. ಸಂವಿಧಾನ ಬಂದದ್ದು 1853ರಲ್ಲಿ. ಅಂದರೆ ದೇಶಕ್ಕಿಂತ ಮೊದಲೇ ದೇಶದ ವಿದೇಶಾಂಗ ಕೆಲಸ ಶುರುವಾಗಿತ್ತು. ಸರ್ವಾಧಿಕಾರಿ ರೋಸಾಸ್ ಕೈಕೆಳಗೆ ಫೆಲಿಪೆ ಅರಾನಾ 1835ರಿಂದ ಹದಿನೇಳು ವರ್ಷ ಈ ಜಾಗದಲ್ಲಿದ್ದರು. ಬ್ರಿಟನ್, ಫ್ರಾನ್ಸ್ ಎರಡೂ ಸೇರಿ ಬ್ಯೂನಸ್ ಐರಿಸ್‌ನ ಲಾ ಪ್ಲಾತಾ ನದಿಗೆ ತಡೆ ಹಾಕಿದ್ದವು. ಕೊನೆಗೆ 1849ರ ಒಪ್ಪಂದದಲ್ಲಿ ಹಿಡಿದ ಹಡಗು ವಾಪಸ್ ಕೊಟ್ಟು, ಅರ್ಜೆಂಟೀನಾದ ಬಾವುಟಕ್ಕೆ 21 ಕುಶಾಲು ತೋಪು ಹಾರಿಸಲು ಬ್ರಿಟನ್ ಒಪ್ಪಿತು. ಮಾಲ್ವಿನಾಸ್ ಮಾತ್ರ ಸಿಗಲಿಲ್ಲ.

ಆಮೇಲಿನವರಲ್ಲಿ ಮರಿಯಾನೊ ವರೆಲಾ ನೆನಪಿನಲ್ಲಿ ಉಳಿಯುವುದು ಒಂದೇ ವಾಕ್ಯದಿಂದ. ಪರಾಗ್ವೆ ವಿರುದ್ಧ ಬ್ರೆಜಿಲ್ ಮತ್ತು ಉರುಗ್ವೆ ಜೊತೆ ಸೇರಿ ಯುದ್ಧ ಗೆಲ್ಲುತ್ತಿದ್ದ ಹೊತ್ತಿನಲ್ಲಿ, 1869ರಲ್ಲಿ, ಗೆಲುವು ಹಕ್ಕು ಕೊಡುವುದಿಲ್ಲ ಅಂದುಬಿಟ್ಟರು. ಗಡಿಯನ್ನು ಗೆದ್ದವರೇ ಕೂತು ಗೀಚುವ ಹಾಗಿಲ್ಲ ಅಂತ. ಎಲ್ಲರಿಗೂ ಇದು ರುಚಿಸಲಿಲ್ಲ.

ಮೊದಲ ಮಹಾಯುದ್ಧದ ಕಾಲದ್ದು ಒಂದು ನಗೆಯ ಪ್ರಸಂಗ. ಅರ್ಜೆಂಟೀನಾ ತಟಸ್ಥ. ಬ್ಯೂನಸ್ ಐರಿಸ್‌ನಲ್ಲಿದ್ದ ಜರ್ಮನಿಯ ಪ್ರತಿನಿಧಿ ಕೌಂಟ್ ಲುಕ್ಸ್‌ಬರ್ಗ್ ಸ್ವೀಡನ್ನಿನ ಕಚೇರಿಯ ಮೂಲಕ ಬರ್ಲಿನ್ನಿಗೆ ಗುಟ್ಟಾಗಿ ತಂತಿ ಕಳಿಸುತ್ತಿದ್ದ. ಅರ್ಜೆಂಟೀನಾದ ಹಡಗುಗಳನ್ನು ಬಿಟ್ಟುಬಿಡಿ, ಇಲ್ಲವಾದರೆ ಗುರುತೇ ಸಿಗದಂತೆ ಮುಳುಗಿಸಿ ಅಂತ ಸಲಹೆ. ಜೊತೆಗೆ, ಇಲ್ಲಿನ ಹಂಗಾಮಿ ವಿದೇಶಾಂಗ ಮಂತ್ರಿ ಹೆಸರಾಂತ ಕತ್ತೆ, ಇಂಗ್ಲಿಷರ ಭಕ್ತ ಅಂತಲೂ ಬರೆದಿದ್ದ. 1917ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಈ ತಂತಿಗಳನ್ನು ಬಯಲು ಮಾಡಿತು. ‘ಕತ್ತೆ’ ಅನ್ನಿಸಿಕೊಂಡವರು ಒನೊರಿಯೊ ಪುಯಿರ್ರೆದೊನ್. ಲುಕ್ಸ್‌ಬರ್ಗ್‌ನನ್ನು ದೇಶದಿಂದ ಹೊರಗೆ ಹಾಕಿದರು. ಆದರೂ ಅಧ್ಯಕ್ಷ ಇರಿಗೊಯೆನ್ ಯುದ್ಧಕ್ಕೆ ಇಳಿಯಲಿಲ್ಲ. 1920ರಲ್ಲಿ ಜಿನೀವಾದ ರಾಷ್ಟ್ರಸಂಘದ ಸಭೆಯಲ್ಲಿ ಸೋತ ದೇಶಗಳಿಗೂ ಜಾಗ ಕೊಡಿ ಅಂತ ಹಟ ಹಿಡಿದು ಎದ್ದು ಬಂದವರೂ ಇದೇ ಪುಯಿರ್ರೆದೊನ್. ತಮ್ಮನ್ನು ಬೈದವರ ದೇಶಕ್ಕೂ ಸೇರಿಸಿ ಜಾಗ ಕೇಳಿದ್ದು!

ಎಲ್ಲರಿಗಿಂತ ಹೆಸರು ಮಾಡಿದವರು ಕಾರ್ಲೋಸ್ ಸಾವೆದ್ರಾ ಲಾಮಾಸ್. ಮೊರೆನೊ ಜೊತೆ ಜಗಳವಾಡಿದ ಆ ಸಾವೆದ್ರಾ ಅವರ ಮರಿಮಗ. ಗತ್ತಿನ ಮನುಷ್ಯ. ಗಂಜಿ ಹಾಕಿದ ಎತ್ತರದ ಕಾಲರ್ ಇಲ್ಲದೆ ಕಾಣಿಸುತ್ತಿರಲಿಲ್ಲ, ವ್ಯಂಗ್ಯಚಿತ್ರದವರಿಗೆ ಅದೇ ಹಬ್ಬ. 1932ರಿಂದ 1938ರವರೆಗೆ ಮಂತ್ರಿ. ಆಗ ಬೊಲಿವಿಯಾ ಮತ್ತು ಪರಾಗ್ವೆ ಚಾಕೊ ಎಂಬ ಒಣ ಕುರುಚಲು ಕಾಡಿಗಾಗಿ ಬಡಿದಾಡುತ್ತಿದ್ದವು. ಸತ್ತವರು ಸುಮಾರು ಒಂದು ಲಕ್ಷ. ಬಾಯಾರಿಕೆ, ಕಾಯಿಲೆಯಿಂದಲೇ ಎಷ್ಟೋ ಜನ ಹೋದರು. ಸಾವೆದ್ರಾ ಲಾಮಾಸ್ ಅಕ್ಕಪಕ್ಕದ ದೇಶಗಳನ್ನೂ ಅಮೆರಿಕವನ್ನೂ ಒಂದೇ ಮೇಜಿಗೆ ಕೂರಿಸಿದರು. 1935ರ ಜೂನ್ 12ರಂದು ಬ್ಯೂನಸ್ ಐರಿಸ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಮರುವರ್ಷ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ. ಲ್ಯಾಟಿನ್ ಅಮೆರಿಕಕ್ಕೆ ಅದೇ ಮೊದಲ ನೊಬೆಲ್ ಶಾಂತಿ. ಅದೇ 1936ರಲ್ಲಿ ಸರ್ಕಾರ ಅಂಚೊರೆನಾ ಮನೆತನದ ಅರಮನೆಯನ್ನು ಇಲಾಖೆಗೆ ಕೊಂಡಿತು. ಇವತ್ತಿನ ಸಾನ್ ಮಾರ್ತಿನ್ ಅರಮನೆ ಅದೇ. ಆ ಚಿನ್ನದ ಪದಕದ ಕತೆ ಬೇರೆ. ಎಲ್ಲೆಲ್ಲೋ ಸುತ್ತಿ, ಗಿರವಿ ಅಂಗಡಿಯನ್ನೂ ಕಂಡು, 2014ರಲ್ಲಿ ಅಮೆರಿಕದ ಹರಾಜಿನಲ್ಲಿ 11 ಲಕ್ಷ ಡಾಲರ್‌ಗೂ ಜಾಸ್ತಿಗೆ ಹೋಯಿತು. ಸಾಲದ ನೆರಳು ಪದಕವನ್ನೂ ಬಿಡಲಿಲ್ಲ ನೋಡಿ.

ಕಾಗದದಿಂದ ಹೆಸರು ಉಳಿದ ಮಂತ್ರಿಗಳಿದ್ದಾರೆ, ಕಾಗದದಿಂದಲೇ ಮುಳುಗಿದವರೂ ಇದ್ದಾರೆ. 1943ರಲ್ಲಿ ಸೇನೆ ಅಧಿಕಾರ ಹಿಡಿದಾಗ ಮಂತ್ರಿಯಾದ ಅಡ್ಮಿರಲ್ ಸೆಗುಂದೊ ಸ್ತೋರ್ನಿ ಆ ಗುಂಪಿನಲ್ಲಿ ಅಮೆರಿಕದ ಕಡೆ ಒಲವಿದ್ದವರು. ನಮಗೆ ಸ್ವಲ್ಪ ಸಮಯ ಬೇಕು, ಆಯುಧ ಕೊಟ್ಟು ಸ್ನೇಹ ತೋರಿಸಿ ಅಂತ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್‌ಗೆ ಬರೆದರು. ಹಲ್ ಖಾರವಾಗಿ ಉತ್ತರಿಸಿದ್ದಲ್ಲದೆ ಅದನ್ನು ಪತ್ರಿಕೆಗೂ ಕೊಟ್ಟರು. ಸ್ತೋರ್ನಿ ಸೆಪ್ಟೆಂಬರ್‌ನಲ್ಲಿ ಮನೆಗೆ ಹೋದರು. ಅಧ್ಯಕ್ಷ ಪೆರೋನ್ ಕಾಲದ ಹುವಾನ್ ಅತಿಲಿಯೊ ಬ್ರಮುಗ್ಲಿಯಾ ಕಾರ್ಮಿಕ ಸಂಘದ ವಕೀಲ. 1948ರಲ್ಲಿ ಬರ್ಲಿನ್ ಬಿಕ್ಕಟ್ಟಿನ ಚರ್ಚೆಗೆ ಭದ್ರತಾ ಮಂಡಳಿಯಲ್ಲಿ ಅಧ್ಯಕ್ಷತೆ ವಹಿಸಿ ಜಗತ್ತಿನ ಪತ್ರಿಕೆಗಳಲ್ಲಿ ಮಿಂಚಿದರು. ಊರಿನಲ್ಲಿ ಪೆರೋನ್ ಹೆಂಡತಿ ಎವಿತಾಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಮರುವರ್ಷ ಅವರೂ ಹೊರಗೆ. ಹೊರಗೆ ಗೆದ್ದವರಿಗೆ ಒಳಗೆ ನೆಲೆಯಿಲ್ಲ ಅನ್ನೋದು ಈ ಕುರ್ಚಿಯ ಹಳೇ ಕಾಯಿಲೆ.

ಮತ್ತೆ ಮಾಲ್ವಿನಾಸ್‌ಗೆ ಬರೋಣ. ಈ ದ್ವೀಪಗಳ ವಿಷಯದಲ್ಲಿ ಅರ್ಜೆಂಟೀನಾ ಪಡೆದ ದೊಡ್ಡ ಗೆಲುವು ಸೇನೆಯದ್ದಲ್ಲ. 1965ರ ಡಿಸೆಂಬರ್ 16ರಂದು, ಸವಾಲಾ ಓರ್ತಿಸ್ ಮಂತ್ರಿಯಾಗಿದ್ದಾಗ, ವಿಶ್ವಸಂಸ್ಥೆ 2065ನೇ ನಿರ್ಣಯ ಪಾಸು ಮಾಡಿತು. ಪರವಾಗಿ 94 ಮತ, ವಿರೋಧ ಸೊನ್ನೆ, ತಟಸ್ಥ 14. ಎರಡೂ ದೇಶ ಕೂತು ಮಾತಾಡಿ, ದ್ವೀಪದ ಜನರ ‘ಹಿತ’ ನೋಡಿಕೊಳ್ಳಿ ಅಂದಿತು. ‘ಇಷ್ಟ’ ಅನ್ನಲಿಲ್ಲ. ಇಡೀ ಜಗಳ ಈ ಎರಡು ಪದಗಳ ನಡುವೆ ಇದೆ. ದ್ವೀಪದವರ ಇಷ್ಟ ಕೇಳಿದರೆ ಬ್ರಿಟನ್ ಜೊತೆ ಇರ್ತೀವಿ ಅಂತಾರೆ. 2013ರಲ್ಲಿ ಮತ ಹಾಕಿದಾಗ ಬೇಡ ಅಂದವರು ಮೂರೇ ಮೂರು ಜನ.

ಇನ್ನು ನಿಕನೋರ್ ಕೋಸ್ತಾ ಮೆಂದೆಸ್. ಇವರು ಎರಡು ಸಲ ಮಂತ್ರಿ. ಮೊದಲ ಸಲ, 1968ರಲ್ಲಿ, ದ್ವೀಪಗಳ ಮೇಲಿನ ಹಕ್ಕನ್ನು ಮುಂದೊಂದು ದಿನ ಒಪ್ಪಿಕೊಳ್ಳುವ ಕರಡಿನವರೆಗೆ ಬ್ರಿಟನ್ ಬಂದಿತ್ತು. ದ್ವೀಪದವರೂ ಲಂಡನ್ನಿನ ಸಂಸದರೂ ಗಲಾಟೆ ಎಬ್ಬಿಸಿದ್ದರಿಂದ ಅದು ಬಿದ್ದುಹೋಯಿತು. ಎರಡನೇ ಸಲ ಗಾಲ್ತಿಯೆರಿಯ ಸೇನಾ ಸರ್ಕಾರದಲ್ಲಿ ಅದೇ ಮನುಷ್ಯ. 1982ರ ಏಪ್ರಿಲ್ 2ರಂದು ಸೈನಿಕರು ದ್ವೀಪಕ್ಕೆ ಇಳಿದರು. ಮರುದಿನ ಭದ್ರತಾ ಮಂಡಳಿಯಲ್ಲಿ ವಾಪಸ್ ಹೋಗಿ ಎಂಬ 502ನೇ ನಿರ್ಣಯಕ್ಕೆ 10 ಮತ ಬಿತ್ತು. ವಿರೋಧಿಸಿದ್ದು ಪನಾಮಾ ಒಂದೇ. ಸೋವಿಯತ್ ವಿಟೊ ಬರಲಿಲ್ಲ. ಜೂನ್‌ನಲ್ಲಿ ಈ ಕಟ್ಟಾ ಕಮ್ಯುನಿಸ್ಟ್ ವಿರೋಧಿ ಸರ್ಕಾರದ ಮಂತ್ರಿ ಹವಾನಾಗೆ ಹೋಗಿ ಫಿಡೆಲ್ ಕ್ಯಾಸ್ಟ್ರೊರನ್ನು ತಬ್ಬಿಕೊಂಡರು. ಅಲಿಪ್ತ ದೇಶಗಳ ಬೆಂಬಲ ಬೇಕಿತ್ತಲ್ಲ. ಜೂನ್ 14ಕ್ಕೆ ಯುದ್ಧ ಮುಗಿಯಿತು. ಅರ್ಜೆಂಟೀನಾದ 649 ಜನ ಸತ್ತಿದ್ದರು, ಬ್ರಿಟನ್ನಿನ 255, ದ್ವೀಪದ ಮೂವರು. ನೂರೈವತ್ತು ವರ್ಷದ ಕಾಗದದ ಕೆಲಸ 74 ದಿನದಲ್ಲಿ ಎಷ್ಟು ಹಿಂದಕ್ಕೆ ಹೋಯಿತು ಅನ್ನೋದಕ್ಕೆ ಲೆಕ್ಕ ಇಲ್ಲ.

ಪ್ರಜಾಪ್ರಭುತ್ವ ಬಂದ ಮೇಲೆ ದಾಂತೆ ಕಪುತೊ ಬೇರೆ ದಾರಿ ಹಿಡಿದರು. ಬೀಗಲ್ ಕಾಲುವೆಯ ದ್ವೀಪಗಳಿಗಾಗಿ 1978ರಲ್ಲಿ ಚಿಲಿ ಜೊತೆ ಯುದ್ಧ ಕೂದಲೆಳೆಯಲ್ಲಿ ತಪ್ಪಿತ್ತು, ಪೋಪ್ ಮಧ್ಯಸ್ಥಿಕೆ ನಡೆದಿತ್ತು. ಒಪ್ಪಂದ ಬೇಕೋ ಬೇಡವೋ ಅಂತ ಜನರನ್ನೇ ಕೇಳಿದರು. 1984ರ ನವೆಂಬರ್‌ನಲ್ಲಿ ಟಿವಿಯಲ್ಲಿ ಕಪುತೊ ಎದುರು ವಿರೋಧ ಪಕ್ಷದ ಹಿರಿಯ ಸೆನೆಟರ್ ವಿಸೆಂತೆ ಸಾದಿ ಕೂತರು. ಮಾತು ಎಲ್ಲೆಲ್ಲೋ ಹೋದರೆ ಸ್ಪ್ಯಾನಿಷ್‌ನಲ್ಲಿ ‘ಊಬೆದಾ ಗುಡ್ಡ ಹತ್ತಿದ’ ಅಂತಾರೆ. ಸಾದಿ ಸಿಟ್ಟಿನಲ್ಲಿ ‘ಊಬೆದಾದ ಮೋಡ’ ಅಂದುಬಿಟ್ಟರು. ದೇಶವೇ ನಕ್ಕಿತು. ಕಪುತೊ ದನಿ ಏರಿಸಲಿಲ್ಲ. ಹತ್ತು ದಿನದ ನಂತರದ ಮತದಾನದಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಜನ ಒಪ್ಪಿದರು.

ತೊಂಬತ್ತರ ದಶಕದ ಗೀದೊ ದಿ ತೆಲ್ಲಾ ಅವರದ್ದು ಇನ್ನೊಂದು ಬಗೆ. ಅವರ ಮನೆತನದ ಫ್ರಿಜ್ ಅರ್ಜೆಂಟೀನಾದ ಅಡುಗೆಮನೆಗಳಲ್ಲಿ ಹೆಸರುವಾಸಿ. ಅಮೆರಿಕ ಜೊತೆ ನಮಗೆ ‘ಮೈಗೆ ಮೈ ತಾಗುವ’ ಸಂಬಂಧ ಬೇಕು ಅಂದರು, ಅದು ಇವತ್ತಿಗೂ ಬೈಗುಳದ ಹಾಗೆ ಉಳಿದಿದೆ. ಮಾಲ್ವಿನಾಸ್ ಜನರ ಮನ ಒಲಿಸಲು ಕ್ರಿಸ್‌ಮಸ್‌ಗೆ ಕರಡಿಮರಿಯ ಮಕ್ಕಳ ಕತೆ ಪುಸ್ತಕ ಕಳಿಸಿದರು. ಯಾರೂ ಒಲಿಯಲಿಲ್ಲ. ಆದರೆ 1999ರ ಒಪ್ಪಂದದಿಂದ ಅರ್ಜೆಂಟೀನಾದವರು, ಮಗನನ್ನು ಮಣ್ಣು ಮಾಡಿದ ಜಾಗ ನೋಡಬೇಕು ಅಂದ ತಾಯಂದಿರೂ ಸೇರಿ, ದ್ವೀಪಕ್ಕೆ ಹೋಗಿಬರುವುದು ಸುಲಭವಾಯಿತು. ಕರಡಿಮರಿಗೆ ನಕ್ಕವರು ಇದನ್ನು ಮರೆಯುತ್ತಾರೆ.

2024ರ ಅಕ್ಟೋಬರ್ 30. ಕ್ಯೂಬಾ ಮೇಲಿನ ಅಮೆರಿಕದ ನಿರ್ಬಂಧ ತೆಗೆಯಿರಿ ಎಂಬ ನಿರ್ಣಯ ವಿಶ್ವಸಂಸ್ಥೆಯಲ್ಲಿ ಮತ್ತೆ ಬಂತು. ವರ್ಷವರ್ಷವೂ ಬರುವಂಥದ್ದು. ಅರ್ಜೆಂಟೀನಾ ವರ್ಷಗಳಿಂದ ಇದರ ಪರ ಮತ ಹಾಕುತ್ತಿತ್ತು. ಮಾಲ್ವಿನಾಸ್ ವಿಷಯ ಬಂದಾಗ ಕ್ಯೂಬಾ ಇವರ ಕಡೆ ನಿಲ್ಲುತ್ತದೆ, ಇದು ಕೊಡು ಕೊಳ್ಳುವ ಲೆಕ್ಕ. ಈ ಸಲವೂ ಹಾಗೇ ಹಾಕಿತು. ಪರವಾಗಿ ಒಟ್ಟು 187 ಮತ ಬಿತ್ತು. ವಿರೋಧ ಅಮೆರಿಕ, ಇಸ್ರೇಲ್ ಎರಡೇ. ಆದರೆ ಅಧ್ಯಕ್ಷ ಹಾವಿಯೆರ್ ಮಿಲೇಗೆ ಆ ಎರಡರ ಜೊತೆ ನಿಲ್ಲಬೇಕಿತ್ತು. ಮಂತ್ರಿ ಡಯಾನಾ ಮೊಂದಿನೊ ಅದೇ ದಿನ ಕೆಲಸ ಕಳೆದುಕೊಂಡರು. ಅವರ ಜಾಗಕ್ಕೆ ಬಂದವರು ಆಗ ವಾಷಿಂಗ್ಟನ್‌ನಲ್ಲಿ ರಾಯಭಾರಿಯಾಗಿದ್ದ ಗೆರಾರ್ದೊ ವೆರ್ತೈನ್. ಅವರೂ ಒಂದು ವರ್ಷದ ಹೊತ್ತಿಗೆ ರಾಜೀನಾಮೆ ಕೊಟ್ಟರು.