ಎಟಲಾನ್ ಹಾಕುವ ಮುನ್ನ

ಲೇಸರ್‌ನ ಕೊಹೆರೆನ್ಸ್ (ಬೆಳಕಿನ ಅಲೆಗಳು ದೂರದವರೆಗೆ ತಾಳ ತಪ್ಪದೆ ಸಾಗುವ ಗುಣ) ಸಾಲುತ್ತಿಲ್ಲ, ಒಳಗೆ ಯಾವ ಎಟಲಾನ್ (ಆಯ್ದ ಆವರ್ತನಗಳನ್ನಷ್ಟೇ ಚೆನ್ನಾಗಿ ಹಾಯಗೊಡುವ, ಸಮಾಂತರ ಮುಖಗಳ ಫಲಕ) ಹಾಕಲಿ ಎಂದು ಕೇಳುವವರು ಬಹಳ. ನಾನು ಮೊದಲು ಕೇಳುವುದೇ ಬೇರೆ: ಈಗ ಎಷ್ಟು ಮೋಡ್‌ಗಳು (ಲೇಸರ್ ಒಟ್ಟಿಗೆ ಹೊಮ್ಮಿಸುವ ಬೇರೆ ಬೇರೆ ಆವರ್ತನಗಳು) ಓಡುತ್ತಿವೆ, ಯಾಕೆ ಓಡುತ್ತಿವೆ?

ಎರಡು ಕನ್ನಡಿಗಳ ನಡುವಿನ ಆಪ್ಟಿಕಲ್ ಉದ್ದ 15 ಸೆಂ.ಮೀ. ಇದ್ದರೆ, 1 ಗಿಗಾಹರ್ಟ್ಸ್‌ಗೆ ಒಂದರಂತೆ ಮೋಡ್‌ಗಳು ಸಾಲಾಗಿ ನಿಲ್ಲುತ್ತವೆ. ಎನ್‌ಡಿ-ಯಾಗ್ (ನಿಯೋಡಿಮಿಯಂ ಬೆರೆತ ಯಾಗ್) ಹರಳಿನ ಗೇನ್, ಅಂದರೆ ಬೆಳಕನ್ನು ವರ್ಧಿಸುವ ಶಕ್ತಿ, ನೂರು ಗಿಗಾಹರ್ಟ್ಸ್ ಮೀರಿ ಹರಡಿದೆ. ಅಷ್ಟರಲ್ಲಿ ಅಕ್ಕಪಕ್ಕದ ಹತ್ತೇ ಮೋಡ್‌ಗಳು ಎದ್ದರೂ ಕೊಹೆರೆನ್ಸ್ ಉದ್ದ 3 ಸೆಂ.ಮೀ. ಆಸುಪಾಸಿಗೆ ಇಳಿಯುತ್ತದೆ. ಹಾಲೋಗ್ರಾಂ ತೆಗೆಯುವಾಗ ಎರಡು ಕಿರಣಗಳ ದಾರಿಯಲ್ಲಿ ಅದಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಅವು ಸೇರಿ ಮೂಡಿಸುವ ಬೆಳಕು-ಕತ್ತಲಿನ ಪಟ್ಟಿಗಳು ಮಾಸುತ್ತವೆ. ಒಂದೇ ಮೋಡ್ ಉಳಿದು ಅದರ ಅಗಲ 1 ಮೆಗಾಹರ್ಟ್ಸ್ ಆದರೆ ಆ ಉದ್ದ ನೂರು ಮೀಟರಿನ ಲೆಕ್ಕಕ್ಕೆ ಬರುತ್ತದೆ. (ಮೋಸ ಹೋಗಬೇಡಿ: ದಾರಿಯ ವ್ಯತ್ಯಾಸ 30 ಸೆಂ.ಮೀ. ಮುಟ್ಟಿದಾಗ ಬಹುಮೋಡ್ ಲೇಸರ್‌ನಲ್ಲೂ ಪಟ್ಟಿಗಳು ಮತ್ತೆ ಮೂಡುತ್ತವೆ. ಒಂದೇ ಕಡೆ ಅಳೆದು ನಿರ್ಧರಿಸಬಾರದು.)

ಯಾಗ್ ಹರಳಿನಲ್ಲಿ ಎಲ್ಲ ಮೋಡ್‌ಗಳೂ ಒಂದೇ ಗೇನ್‌ಗೆ ಪೈಪೋಟಿ ನಡೆಸುತ್ತವೆ, ಪ್ರಬಲವಾದದ್ದೊಂದೇ ಉಳಿಯಬೇಕು. ಉಳಿಯುವುದಿಲ್ಲ. ಹೋಗುವ ಬೆಳಕು, ಬರುವ ಬೆಳಕು ಸೇರಿ ಸ್ಥಾಯಿ ತರಂಗವಾದಾಗ, ಅದರ ನಿಸ್ಪಂದ ಬಿಂದುಗಳಲ್ಲಿ (ಬೆಳಕು ಸೊನ್ನೆಯಾಗುವ ಕಡೆ) ಗೇನ್ ಬಳಕೆಯಾಗದೆ ಮಿಗುತ್ತದೆ. ಮಿಕ್ಕ ಮೋಡ್‌ಗಳು ಬದುಕುವುದು ಅದರ ಮೇಲೆಯೇ. ಎಟಲಾನ್ ಅವುಗಳಿಗೆ ನಷ್ಟ ಹೆಚ್ಚಿಸುತ್ತದೆ, ಆ ಗೇನ್ ಮಾತ್ರ ಅಲ್ಲೇ ಇರುತ್ತದೆ. ಪಂಪ್ (ಹರಳಿಗೆ ಊಡುವ ಶಕ್ತಿ) ಏರಿಸಿದ ಕೂಡಲೇ ಎರಡನೇ ಮೋಡ್ ತಲೆಯೆತ್ತುವುದು ಅದಕ್ಕೇ.

ಹಾಗಾಗಿ ಯಾಗ್‌ನಲ್ಲಿ ನನ್ನ ಮೊದಲ ಆಯ್ಕೆ ರಿಂಗ್ ರೆಸೊನೇಟರ್, ಅಂದರೆ ಬೆಳಕು ಹಿಂದೆ ಮುಂದೆ ಓಡದೆ ಸುತ್ತು ಹೊಡೆಯುವ ಏರ್ಪಾಡು. ಫ್ಯಾರಡೆ ರೊಟೇಟರ್ (ಕಾಂತಕ್ಷೇತ್ರದಿಂದ ಬೆಳಕಿನ ಧ್ರುವೀಕರಣವನ್ನು ತಿರುಗಿಸುವ ಸಾಧನ), ಅರ್ಧತರಂಗ ಫಲಕ ಮತ್ತು ಒಂದು ಪೋಲರೈಸರ್ ಸೇರಿ ಬೆಳಕನ್ನು ಒಂದೇ ದಿಕ್ಕಿಗೆ ಓಡಿಸುತ್ತವೆ; ಸ್ಥಾಯಿ ತರಂಗವೇ ಏಳುವುದಿಲ್ಲ. 1985ರಲ್ಲಿ ಸಂಶೋಧಕರಾದ ಕೇನ್ ಮತ್ತು ಬೈಯರ್ ಇಡೀ ರಿಂಗನ್ನು ಒಂದೇ ಯಾಗ್ ಹರಳಿನೊಳಗೆ ಕಡೆದು, ಕಾಂತಕ್ಷೇತ್ರದಿಂದ ಹರಳನ್ನೇ ರೊಟೇಟರ್ ಮಾಡಿದರು. ಲೈಗೋದ ಗುರುತ್ವ ತರಂಗ ಶೋಧಕಗಳಿಗೂ ಮೂಲ ಬೆಳಕು ಅಂಥ ಲೇಸರ್‌ನಿಂದಲೇ. ಜಾಗ ಕಡಿಮೆಯಿದ್ದರೆ, ಹರಳಿನೊಳಗೆ ನಿಸ್ಪಂದ ಬಿಂದುಗಳು ಉಳಿಯದಂತೆ ಅದರ ಎರಡೂ ಬದಿಗೆ ಕಾಲುತರಂಗ ಫಲಕ ಇಡುವ ದಾರಿಯಿದೆ. ಯಾಗ್‌ಗೆ ಅದು ಒಗ್ಗುತ್ತದೆ. ದ್ವಿವಕ್ರೀಭವನವುಳ್ಳ (ಧ್ರುವೀಕರಣಕ್ಕೆ ತಕ್ಕಂತೆ ಬೆಳಕಿನ ವೇಗ ಬದಲಾಗುವ) ವೆನಡೇಟ್ ಹರಳಿಗೆ ಒಗ್ಗದು. ಹೀಲಿಯಂ-ನಿಯಾನ್ ಅನಿಲ ಲೇಸರ್‌ನಲ್ಲಿ ಬೇರೆ ಬೇರೆ ವೇಗದ ಪರಮಾಣುಗಳು ಬೇರೆ ಬೇರೆ ಮೋಡ್‌ಗಳನ್ನು ಸಾಕುವುದರಿಂದ ಈ ಯಾವುದೂ ನೆರವಾಗುವುದಿಲ್ಲ. ಅಲ್ಲಿ ಕೊಳವೆಯನ್ನು ಗಿಡ್ಡ ಮಾಡಬೇಕು, ಇಲ್ಲವೇ ಎಟಲಾನ್ ಹಾಕಬೇಕು.

ಎಟಲಾನ್ ಹಾಕುವುದೇ ಆದರೆ ಕಿರಣ ಅಗಲವಾಗಿ, ಸಮಾಂತರವಾಗಿ ಸಾಗುವ ಕಡೆ ಹಾಕಿ. ಕಿರಣ ಸಣ್ಣದಿದ್ದಲ್ಲಿ ಸ್ವಲ್ಪ ಓರೆ ಮಾಡಿದರೂ ಒಳಗಿನ ಪ್ರತಿಫಲನಗಳು ಪಕ್ಕಕ್ಕೆ ಸರಿದು ಪವರ್ ಸೋರುತ್ತದೆ. ಪೂರ್ತಿ ನೇರ ನಿಲ್ಲಿಸಿದರೆ ಅದೇ ಇನ್ನೊಂದು ಕನ್ನಡಿಯಾಗಿ ಕಾಡುತ್ತದೆ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಸ್ಕ್ಯಾನಿಂಗ್ ಫ್ಯಾಬ್ರಿ-ಪೆರೋ (ಮೋಡ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ಉಪಕರಣ) ನೋಡಿ: ಆಸಿಲೋಸ್ಕೋಪ್ ಮೇಲಿನ ಶಿಖರಗಳ ಗುಂಪು ಕರಗಿ ಒಂದಕ್ಕೆ ಬರಬೇಕು. ಪವರ್ ಮೀಟರ್ ಇದನ್ನು ತೋರಿಸದು.

ಒಂದು ಶಿಖರ ನಿಂತ ಮೇಲೂ ಅದು ಆಗಾಗ ಜಿಗಿಯುತ್ತಿದ್ದರೆ ಎಟಲಾನ್ ಬದಲಿಸಲು ಹೋಗಬೇಡಿ. 1064 ನ್ಯಾನೋಮೀಟರ್‌ನಲ್ಲಿ ಸಿಲಿಕಾ ಎಟಲಾನ್ 1 ಡಿಗ್ರಿ ಬಿಸಿಯಾದರೆ ಅದರ ಶಿಖರ ಸುಮಾರು 2 ಗಿಗಾಹರ್ಟ್ಸ್ ಸರಿಯುತ್ತದೆ, ಅಂದರೆ ಮೇಲಿನ ಲೇಸರ್‌ನಲ್ಲಿ ಎರಡು ಮೋಡ್ ದಾಟಿದಷ್ಟು. ಮೊದಲು ಅದರ ಹಿಡಿಕೆಗೆ ತಾಪ ನಿಯಂತ್ರಕ ಕೂರಿಸಿ.