ತಟ್ಟೆಯನ್ನು ಮೊದಲು ಬೋರಲು ಹಾಕಿ

ಹಳೆಯ ಚೀನೀ ನೀಲಿ-ಬಿಳಿ ಪಿಂಗಾಣಿ ತೋರಿಸಲು ಬರುವವರು ಚಿತ್ರದ ಕಡೆಯನ್ನೇ ನನ್ನತ್ತ ಹಿಡಿಯುತ್ತಾರೆ. ಪಗೋಡ, ಸೇತುವೆ, ದೋಣಿ. ನಾನು ಮೇಜಿನ ಮೇಲೆ ಟವೆಲ್ ಹಾಸಿ ಅದನ್ನು ಬೋರಲು ಹಾಕುತ್ತೇನೆ. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ತಳ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ತಟ್ಟೆ ಕೂರುವ ಉಂಗುರದಂಥ ಅಂಚು ಇದೆಯಲ್ಲ, ಅಲ್ಲಿ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಇರುವುದಿಲ್ಲ. ಇದ್ದರೆ ಆವಿಗೆಯಲ್ಲಿ ಕರಗಿ ಕೆಳಗೆ ಅಂಟಿಕೊಳ್ಳುತ್ತಿತ್ತು, ಅದಕ್ಕೇ ಒರೆಸಿಬಿಡುತ್ತಿದ್ದರು. ಗ್ಲೇಜ್ ಮುಗಿಯುವ ಗಡಿಯಲ್ಲಿ ಎಷ್ಟೋ ಸಲ ಕೂದಲೆಳೆಯಂಥ ಕಿತ್ತಳೆ ಗೆರೆ ಕಾಣುತ್ತದೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಬೆಂಕಿಗೆ ಹಾಗಾಗುತ್ತದೆ. ಈ ಗೆರೆ ಒಂದು ಕಡೆ ಗಾಢ, ಇನ್ನೊಂದು ಕಡೆ ಮಾಯ. ಕಂದು ಬಣ್ಣ ಸುತ್ತಲೂ ಒಂದೇ ಸಮ ಇದ್ದರೆ ಯಾರೋ ಬಳಿದಿದ್ದಾರಾ ಅಂತ ನೋಡಿ. ವಾನ್‌ಲಿ ದೊರೆಯ ಕಾಲದ (1573–1620) ಕ್ರಾಕ್ ತಟ್ಟೆಗಳ (ರಫ್ತಿಗೆಂದು ಮಾಡಿದ ನೀಲಿ-ಬಿಳಿ ಮಾಲು) ತಳಕ್ಕೆ ಎಷ್ಟೋ ಸಲ ಆವಿಗೆಯ ಮರಳಿನ ಕಾಳು ಅಂಟಿರುತ್ತದೆ. ಕೊಳೆ ಅಂತ ಅದನ್ನು ಉಜ್ಜಿ ತೆಗೆಯಬೇಡಿ. ಆ ಕಾಳೇ ತಟ್ಟೆಯ ಜಾತಕ.

ಇನ್ನು ತಳದಲ್ಲಿ ಬರೆದಿರುವ ಮುದ್ರೆ. ರಫ್ತಿಗೆ ಹೋದ ಮಾಲಿನಲ್ಲಿ ಬಹುಪಾಲಿಗೆ ದೊರೆಯ ಹೆಸರಿನ ಮುದ್ರೆಯೇ ಇಲ್ಲ. ಇದ್ದರೂ ಅದನ್ನು ಸುಮ್ನೆ ನಂಬಬೇಡಿ. ಕಾಂಗ್‌ಷಿ ಕಾಲದ (1662–1722) ಕುಶಲಕರ್ಮಿಗಳೇ ಅದಕ್ಕೂ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ದೊರೆಯ ಹೆಸರು ಬರೆಯುತ್ತಿದ್ದರು. ಇಂಗ್ಲಿಷಿನಲ್ಲಿ 'ಚೈನಾ' ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ 1891ರ ನಂತರದ್ದು. ಆಮದು ವಸ್ತುವಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕದಲ್ಲಿ ಆಗ ಕಾನೂನು ಬಂತು.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಮುಳುಗಿದ ಹಡಗಿನ ಮಾಲು. ಡಚ್ಚರ ಗೆಲ್ಡರ್‌ಮಾಲ್ಸೆನ್ ಹಡಗು 1752ರ ಜನವರಿಯಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿತು. ಹಡಗಿನ ತಳದಲ್ಲಿ ಪಿಂಗಾಣಿ, ಅದರ ಮೇಲೆ ಚಹಾ. ನೀರು ನುಗ್ಗಿದರೆ ಕೆಡುವುದು ಚಹಾ, ಪಿಂಗಾಣಿ ಅಲ್ಲ ಅಲ್ವಾ? 1985ರಲ್ಲಿ ಸುಮಾರು ಒಂದೂವರೆ ಲಕ್ಷ ಪಾತ್ರೆ ಮೇಲೆ ಬಂದವು. ಮರುವರ್ಷ ಆಮ್‌ಸ್ಟರ್‌ಡ್ಯಾಂನಲ್ಲಿ ಕ್ರಿಸ್ಟೀಸ್ ಅವನ್ನು ಹರಾಜು ಹಾಕಿತು. ಒಂದೊಂದು ಬಟ್ಟಲಿನ ಗ್ಲೇಜ್ ಉಪ್ಪುನೀರಿಗೆ ಮಂಕಾಗಿದೆ. ನನಗೆ ಆ ಮಂಕು ತುಂಬಾ ಇಷ್ಟ. ಇವುಗಳ ಊರು, ವರ್ಷ, ಪಯಣ ಎಲ್ಲಕ್ಕೂ ದಾಖಲೆ ಇದೆ. ತಳದಲ್ಲಿ ಹರಾಜಿನ ದುಂಡು ಚೀಟಿ ಇನ್ನೂ ಉಳಿದಿದ್ದರೆ ಬೆಲೆ ಜಾಸ್ತಿ. ಹಾಗಾಗಿ ತೊಳೆಯುವಾಗ ಆ ಚೀಟಿಗೆ ಒಂದು ಹನಿ ನೀರೂ ತಾಗಿಸಬೇಡಿ.